ಬಾಯಿ ಮುಚ್ಚಿದ ಟ್ಯೂಲಿಪ್

ನನ್ನ ಕೈಗೆ ದಯವಿಟ್ಟು ಯಾವ ಕಾಗದವನ್ನೂ ಕೊಡಬೇಡಿ. ಮದುವೆಯ ಕರೆಯೋಲೆಯಾಗಲಿ, ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿಯಾಗಲಿ, ನೀವು ಮಾತು ಮುಗಿಸುವಷ್ಟರಲ್ಲಿ ಅದು ಪೊಟ್ಟಣವಾಗಿರುತ್ತದೆ. ನಾನು ಬೇಕೆಂದು ಮಾಡುವುದಲ್ಲ. ಕಣ್ಣು ನಿಮ್ಮ ಮುಖದ ಮೇಲೆಯೇ ಇರುತ್ತದೆ, ಬಾಯಿ ಹೌದು ಹೌದು ಅನ್ನುತ್ತಿರುತ್ತದೆ, ಬೆರಳುಗಳು ಮಾತ್ರ ತಮ್ಮ ಪಾಡಿಗೆ ತಾವು ಕಾಗದವನ್ನು ಸುತ್ತಿ, ತಳ ತಿರುಚಿ, ಬಾಯಿ ಮಡಿಸಿ ಒಳಗೆ ತುರುಕಿ ಸುಮ್ಮನಾಗಿರುತ್ತವೆ. ಒಮ್ಮೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಚೆಕಿಂಗ್‌ನವರು ಹತ್ತಿ ಟಿಕೆಟ್ ಕೇಳಿದರು. ನಾನು ಕೊಟ್ಟದ್ದು ಅವರೆಕಾಳಿನ ಗಾತ್ರದ ಒಂದು ಪೊಟ್ಟಣ. ಆತ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ, ಆಮೇಲೆ ಬಿಡಿಸಿದ.

ನಲವತ್ತು ಚಿಲ್ಲರೆ ವರ್ಷ ಕಿರಾಣಿ ಅಂಗಡಿಯಲ್ಲಿ ಕೂತವನ ಕೈ ಇದು. ಮೊದಲು ಕೆ.ಆರ್. ನಗರದಲ್ಲಿ ಅಪ್ಪನ ಅಂಗಡಿ, ಆಮೇಲೆ ಹುಣಸೂರಿನಲ್ಲಿ ನನ್ನದೇ. ಈಗ ನನ್ನ ಅಂಗಡಿಯ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಅವನು ಏನನ್ನೂ ಕಟ್ಟಿಕೊಡುವುದಿಲ್ಲ. ಅಪ್ಪನಿಗೆ ದೇವರ ಮೇಲೆ ಎಷ್ಟು ಭಕ್ತಿಯೋ ಪೊಟ್ಟಣದ ಬಾಯಿಯ ಮೇಲೆ ಅಷ್ಟೇ ಭಕ್ತಿ. "ತೂಕ ಕಮ್ಮಿಯಾದ್ರೆ ಗಿರಾಕಿ ಒಂದಿನ ಬಯ್ತಾನೆ ಕಣ್ಲಾ. ಪೊಟ್ಣದ ಬಾಯಿ ಬಿಚ್ಕಂಡು ಬೇಳೆ ದಾರೀಲಿ ಚೆಲ್ಲೋಯ್ತು ಅನ್ನು, ಊರೂರಲ್ಲೂ ಹೇಳ್ಕಂಡ್ ಬತ್ತಾನೆ" ಎಂದು ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಶುರು ಮಾಡುತ್ತಿದ್ದ. ಹೀಗಾಗಿ ತೆರೆದ ಬಾಯಿಯ ಕಾಗದ ಕಂಡರೆ ನನ್ನ ಬಲಗೈ ಹೆಬ್ಬೆರಳಿಗೆ ಇವತ್ತಿಗೂ ನಿದ್ದೆ ಬರುವುದಿಲ್ಲ.

ನನ್ನ ವಿದ್ಯೆಯೂ ಪೊಟ್ಟಣದ್ದೇ. ರದ್ದಿ ಪೇಪರು, ಹಳೆಯ ವಾರಪತ್ರಿಕೆ, ಯಾರದೋ ಪರೀಕ್ಷೆಯ ಉತ್ತರ ಪತ್ರಿಕೆ, ಎಲ್ಲವನ್ನೂ ಹರಿಯುವ ಮುಂಚೆ ಓದುತ್ತಿದ್ದೆ. ಗಿರಾಕಿ ಬಂದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಆದ್ದರಿಂದ ಲೋಕದ ಸಕಲ ವಿಷಯವೂ ನನಗೆ ಅರ್ಧರ್ಧ ಗೊತ್ತು. ಉದಾಹರಣೆಗೆ, ಜಪಾನಿನಲ್ಲಿ ಹಿಂದೆ ಮದುವೆಯ ದಿನ ಮದ್ಯದ ಹೂಜಿಗೆ ಕಾಗದದ ಗಂಡು ಚಿಟ್ಟೆಯನ್ನೂ ಹೆಣ್ಣು ಚಿಟ್ಟೆಯನ್ನೂ ಮಡಿಸಿ ಕಟ್ಟುತ್ತಿದ್ದರಂತೆ. ಗಂಡು ಯಾವುದು ಹೆಣ್ಣು ಯಾವುದು ಎಂದು ಗುರುತಿಸುವ ಬಗೆ ಹೇಗೆಂದರೆ, ಎಂಬಲ್ಲಿಗೆ ಕಾಗದ ಹರಿದಿತ್ತು. ಉಳಿದ ಅರ್ಧದಲ್ಲಿ ಯಾರೋ ಕಾಲು ಕೆಜಿ ಕಡಲೆಬೇಳೆ ಒಯ್ದಿದ್ದರು.

ಇಂಥ ನನ್ನನ್ನು ಈ ಸಲದ ಯುಗಾದಿಗೆ ಮುಂಚೆ ಒಂದು ಅಂಗನವಾಡಿಯಲ್ಲಿ ಚಿಕ್ಕ ಮಕ್ಕಳಿಗೆ ಕಾಗದದಲ್ಲಿ ವಸಂತ ಮಾಡುವುದನ್ನು ಕಲಿಸಲು ಕರೆದರು ಎಂದರೆ ನೀವು ನಗುತ್ತೀರಿ. ನಗಿ. ನಾನೂ ನಕ್ಕಿದ್ದೆ, ಕಾರಣ ತಿಳಿಯುವ ತನಕ.

ಕಾರಣ ನನ್ನ ಮೊಮ್ಮಗಳು ಚಾರ್ವಿ. ನನ್ನ ಮಗಳು ರೇಖಾಳನ್ನು ಗುರುಪುರದ ಹತ್ತಿರದ ಒಂದು ಹಳ್ಳಿಗೆ, ಬೇಸಾಯದ ಮನೆಗೆ ಕೊಟ್ಟಿದ್ದೇವೆ. ಚಾರ್ವಿ ಅವಳ ಮಗಳು, ಮುಂದಿನ ವರ್ಷ ಒಂದನೇ ಕ್ಲಾಸಿಗೆ ಹೋಗುವವಳು. ಅಂಗನವಾಡಿಯಲ್ಲಿ ಅವಳ ಪಕ್ಕ ಕೂರುವ ಲೋಹಿತ ಎಂಬ ಹುಡುಗ "ನಮ್ ತಾತಂತವ ಟ್ಯಾಕ್ಟ್ರು ಐತೆ" ಎಂದನಂತೆ. ಇವಳ ಬಳಿ ಟ್ರ್ಯಾಕ್ಟರಿಗೆ ಸರಿಸಾಟಿಯಾದ ಉತ್ತರ ಇರಲಿಲ್ಲ. ಹಿಂದಿನ ವಾರ ನಾನು ಕ್ಯಾಲೆಂಡರಿನ ಹಾಳೆಯನ್ನು ಅವಳ ಕಣ್ಣೆದುರು ಪೊಟ್ಟಣ ಮಾಡಿ ಕಡಲೆಕಾಯಿ ತುಂಬಿಕೊಟ್ಟದ್ದು ಅವಳ ನೆನಪಿಗೆ ಬಂತು. "ನಮ್ ತಾತ ಕಾಗದದಲ್ಲಿ ಎಲ್ಲಾ ಮಾಡ್ತಾರೆ. ಹೂವ ಮಾಡ್ತಾರೆ, ಚಿಟ್ಟೆ ಮಾಡ್ತಾರೆ, ಮೊಲನೂ ಮಾಡ್ತಾರೆ" ಎಂದುಬಿಟ್ಟಳು. ಟೀಚರಮ್ಮನ ಕಿವಿಗೆ ಬಿತ್ತು. ಹಬ್ಬದ ಹಿಂದಿನ ದಿನ ಮಕ್ಕಳಿಗೆ ಏನಾದರೂ ಮಾಡಿಸಬೇಕು ಎಂದು ಆಕೆಯೂ ಯೋಚಿಸುತ್ತಿದ್ದರಂತೆ. ರೇಖಾ ಫೋನ್ ಮಾಡಿ, "ಅಪ್ಪಾ, ಇವಳು ಊರಿಗೆಲ್ಲ ಹೇಳ್ಕಂಡ್ ಬಂದವ್ಳೆ. ನೀನು ಬರ್ಲಿಲ್ಲ ಅಂದ್ರೆ ಆ ಲೋಹಿತ ಅವಳನ್ನ ಸುಳ್ಳುಬುರುಕಿ ಅಂತಾನೆ. ಆಮೇಲೆ ಅಂಗನವಾಡಿಗೇ ಹೋಗಲ್ಲ ಅಂತಾ ಕೂತವ್ಳೆ" ಎಂದಳು. ಹಿಂದಿನಿಂದ ಚಾರ್ವಿಯ ದನಿ ಕೇಳಿತು: "ತಾತ, ಮೊಲನೂ ಮಾಡ್ಬೇಕು."

ನನ್ನ ಮಾನ ಹೋದರೆ ಹೋಗಲಿ, ಅದು ಅಂಗಡಿಯಲ್ಲಿ ಎಷ್ಟೋ ಸಲ ಹೋಗಿ ಬಂದಿದೆ. ಆದರೆ ನನ್ನ ಮೇಲಿನ ಭರವಸೆಯಿಂದ ಒಂದು ಮಗು ಆಡಿದ ಮಾತು ಸುಳ್ಳಾಗಬಾರದು. ಬರುತ್ತೇನೆ ಎಂದೆ.

ಮೊಬೈಲ್ ರಿಪೇರಿಯವನೇ ಒಂದು ವೀಡಿಯೋ ಹುಡುಕಿಕೊಟ್ಟ. ವಸಂತದ ಸುಲಭ ಒರಿಗಾಮಿ, ನಾಲ್ಕು ವರ್ಷದ ಮಕ್ಕಳೂ ಮಾಡಬಹುದು ಎಂದು ಅದರ ಮೇಲೆ ಬರೆದಿತ್ತಂತೆ. ಈ ಸುಲಭ ಎಂಬ ಮಾತನ್ನು ಎಲ್ಲಿ ಕಂಡರೂ ನನಗೆ ಜೀವ ಝಲ್ಲೆನ್ನುತ್ತದೆ. ವೀಡಿಯೋದಲ್ಲಿ ಬರೀ ಎರಡು ಬಿಳಿ ಕೈಗಳು. ಮುಖವಿಲ್ಲ, ಮಾತಿಲ್ಲ. ಚೌಕದ ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋಣ. ಎರಡು ಕಿವಿಗಳನ್ನು ಮೇಲಕ್ಕೆ ಎತ್ತಿದರೆ ಟ್ಯೂಲಿಪ್ ಹೂವು. ಅವನ್ನೇ ಕೊಂಚ ಬೇರೆ ಕಡೆಗೆ ಎತ್ತಿದರೆ ಮೊಲ. ಬೀಸಣಿಗೆಯಂತೆ ಮಡಿಸಿ ನಡುವೆ ದಾರ ಕಟ್ಟಿದರೆ ಚಿಟ್ಟೆ. ಆ ಕೈಗಳ ವಸಂತದಲ್ಲಿ ಮಂಜು ಕರಗುತ್ತದೆ, ಮೊಲ ಬಿಲದಿಂದ ಇಣುಕುತ್ತದೆ. ನಮ್ಮ ಕಡೆಯ ವಸಂತದಲ್ಲಿ ಹೊಂಗೆ ಮರ ಎಣ್ಣೆ ಹಚ್ಚಿದಂಥ ಚಿಗುರು ಬಿಡುತ್ತದೆ, ಬೇವು ಹೂವಾಗುತ್ತದೆ, ನನ್ನ ಅಳಿಯ ಹೊಗೆಸೊಪ್ಪಿನ ಸಸಿಮಡಿಗೆ ಬೆಳಿಗ್ಗೆ ಸಂಜೆ ನೀರು ಹಾಕುತ್ತಾ ಮನೆಯವರ ಜೊತೆ ಮಾತನಾಡುವುದನ್ನೇ ಮರೆಯುತ್ತಾನೆ. ಅದನ್ನು ಕಾಗದದಲ್ಲಿ ಮಡಿಸುವುದು ಹೇಗೆಂದು ಯಾವ ಕೈಯೂ ಹೇಳಿಕೊಡಲಿಲ್ಲ.

ಬಣ್ಣದ ಕಾಗದಕ್ಕೆ ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಹೋದೆ. ಹುಣಸೂರಿನಲ್ಲಿ ಸಿಗುವುದಿಲ್ಲ ಎಂದಲ್ಲ. ಕೊಪ್ಪದಲ್ಲಿ ಟಿಬೆಟ್‌ನವರ ಅಂಗಡಿಗಳಿವೆ, ಅವರಿಗೆ ಈ ಕಾಗದ ಮಡಿಸುವ ವಿದ್ಯೆ ಹುಟ್ಟಿನಿಂದಲೇ ಬಂದಿರುತ್ತದೆ ಎಂಬುದು ನನ್ನ ಪೊಟ್ಟಣದ ಜ್ಞಾನ. ಅಂಗಡಿಯ ಹೆಂಗಸಿಗೆ, "ನೋಡಮ್ಮ, ಈ ಮೊಲದ ಕಿವಿ ನಿಲ್ಲೋದು ಹೆಂಗೆ, ಸ್ವಲ್ಪ ತೋರಿಸ್ಕೊಡಿ. ನಿಮ್ಮ ಕಡೆಯವರದ್ದೇ ಅಲ್ವಾ ಇದು" ಎಂದೆ. ಆಕೆ ನಕ್ಕ ನಗುವಿಗೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. "ಅದು ಜಪಾನಿನೋರ್ದು ಕಣಣ್ಣ. ನಾನು ಇಲ್ಲೇ ಗುರುಪುರದ ಟಿಬೆಟ್ ಕ್ಯಾಂಪಲ್ಲಿ ಹುಟ್ಟಿದೋಳು. ನಂಗೆ ಸ್ವೆಟರ್ ಮಡಿಸೋಕೆ ಬತ್ತದೆ ಅಷ್ಟೆ" ಎಂದು ಕಾಗದದ ಕಟ್ಟನ್ನು ಕವರಿಗೆ ಹಾಕಿಕೊಟ್ಟಳು. ನಾನೂ ನಗುತ್ತಲೇ ಬಂದೆ. ಬಸ್ಸು ಹತ್ತಿದ ಮೇಲೆ ನೋಡಿಕೊಂಡರೆ ಆಕೆ ಕೊಟ್ಟ ಬಿಲ್ಲು ಪೊಟ್ಟಣವಾಗಿತ್ತು.

ಅಭ್ಯಾಸ ಶುರುವಾಯಿತು. ಕಾಗದ ಮಡಿಸುವ ತನಕ ಎಲ್ಲವೂ ವೀಡಿಯೋದಂತೆಯೇ. ಟ್ಯೂಲಿಪ್‌ನ ಮೂರು ತುದಿಗಳು ಮೇಲೆ ನಿಂತು, ಹೂವು ಬಾಯಿ ತೆರೆದು ನನ್ನನ್ನು ನೋಡುತ್ತದೆ. ಆ ತೆರೆದ ಬಾಯಿಯೇ ಮುಳುವು. ಹೆಬ್ಬೆರಳು ಓಡಿ ಬಂದು ಮೂರು ತುದಿಗಳನ್ನೂ ಒಳಗೆ ತುರುಕಿ ಮುಚ್ಚಿಬಿಡುತ್ತದೆ. ನನ್ನ ಹೆಂಡತಿ ಶಾರದೆ ಕಾಫಿ ತಂದವಳು ಮೇಜಿನ ಮೇಲಿನ ಸಾಲು ನೋಡಿ, "ಏನ್ರೀ, ಅಂಗಡಿ ಮತ್ತೆ ತೆಗೆದ್ರಾ?" ಎಂದಳು.

"ಇದು ಹೂವು."

"ಅದು?"

"ಮೊಲ."

"ಕಿವಿ ಎಲ್ಲಿ?"

"ಒಳಗಿದೆ" ಎಂದೆ. ಅವಳು ನಗುತ್ತಾ ಕೂತೇಬಿಟ್ಟಳು, ಕಾಫಿ ಆರಿಹೋಯಿತು.

ಕೊನೆಗೆ ಉಪಾಯ ಹೊಳೆದದ್ದೂ ಅವಳಿಗೇ. ತಪ್ಪು ಮಾಡುತ್ತಿರುವುದು ಹೆಬ್ಬೆರಳು ತಾನೇ, ಅದನ್ನೇ ಕಟ್ಟಿಹಾಕಿ ಎಂದು ಹಳೆಯ ಪಂಚೆಯ ತುಂಡಿನಿಂದ ನನ್ನ ಬಲಗೈ ಹೆಬ್ಬೆರಳನ್ನು ಚೆನ್ನಾಗಿ ಸುತ್ತಿದಳು. ಆಗ ನಡೆದದ್ದನ್ನು ನೀವು ನೋಡಬೇಕಿತ್ತು. ಹೂವು ಬಾಯಿ ತೆರೆದೇ ನಿಂತಿತು! ಮೊಲಕ್ಕೆ ಕಿವಿ ಬಂತು! ಚಿಟ್ಟೆ ರೆಕ್ಕೆ ಹರಡಿ ಕಾಫಿ ಲೋಟದ ಮೇಲೆ ಕೂತಿತು. ನಾನು ಕುಣಿಯುವುದೊಂದು ಬಾಕಿ. ಶಾರದೆ ಹೇಳುವ ಪ್ರಕಾರ ಅದೂ ಬಾಕಿ ಉಳಿಯಲಿಲ್ಲ.

ಹಬ್ಬದ ಹಿಂದಿನ ದಿನ ಹೆಬ್ಬೆರಳಿನ ಬಟ್ಟೆಯೊಂದಿಗೆ, ಒಂದು ಚೀಲ ಕಾಗದ, ಒಂದು ಚೀಲ ಬೆಲ್ಲ ಮತ್ತು ಹುರಿಗಡಲೆಯೊಂದಿಗೆ ಹಳ್ಳಿಗೆ ಇಳಿದೆ. ಕಿರಾಣಿಯವನು ಮಕ್ಕಳ ಮುಂದೆ ಬರಿಗೈಯಲ್ಲಿ ಹೋಗುವುದಿಲ್ಲ. ಅಂಗನವಾಡಿಯ ಮುಂದಿನ ಬೇವಿನ ಮರ ಹೂವು ಸುರಿಸುತ್ತಿತ್ತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತಿದ್ದರು. ಚಾರ್ವಿ ಮುಂದಿನ ಸಾಲಿನಲ್ಲಿ ಎದೆ ಸೆಟೆಸಿ ಕೂತಿದ್ದಳು, ಲೋಹಿತ ಕೈಕಟ್ಟಿಕೊಂಡು ಪರೀಕ್ಷಕನಂತೆ ಕೂತಿದ್ದ.

ಎಲ್ಲ ಸರಿಯಾಗಿತ್ತು, ಟೀಚರಮ್ಮನ ಕಣ್ಣು ನನ್ನ ಹೆಬ್ಬೆರಳಿನ ಮೇಲೆ ಬೀಳುವ ತನಕ. "ಅಯ್ಯೋ ಅಪ್ಪಾಜಿ, ಏನಾಯ್ತು ಕೈಗೆ?" ಎಂದು ಓಡಿಹೋಗಿ ಔಷಧಿ ಡಬ್ಬಿ ತಂದರು. ಏನಿಲ್ಲಮ್ಮ, ಸುಮ್ಮನೆ ಎಂದೆ. ಸುಮ್ಮನೆ ಯಾರು ಬಟ್ಟೆ ಕಟ್ಟಿಕೊಳ್ಳುತ್ತಾರೆ? ಅಷ್ಟರಲ್ಲಿ ಚಾರ್ವಿ ಎದ್ದು ಬಂದು, "ಉಫ್ ಮಾಡ್ತೀನಿ ತಾತ, ನೋವೆಲ್ಲ ಹೋಗ್ತದೆ" ಎಂದು ಬಟ್ಟೆ ಬಿಚ್ಚಿ, ಗಾಯವೇ ಇಲ್ಲದ ಹೆಬ್ಬೆರಳಿಗೆ ಪ್ರೀತಿಯಿಂದ ಊದಿದಳು. ಟೀಚರಮ್ಮ ಅದಕ್ಕೆ ಒಂದಿಷ್ಟು ಹಳದಿ ಮುಲಾಮನ್ನೂ ಬಳಿದರು. ಬಿಡುಗಡೆಯಾದ ಹೆಬ್ಬೆರಳು ಒಮ್ಮೆ ಮೈಮುರಿದದ್ದು ನನಗೆ ತಿಳಿಯಿತು.

ಮನಸ್ಸಿನಲ್ಲೇ ಅಪ್ಪನಿಗೆ ಕೈಮುಗಿದು, ಈ ಒಂದು ದಿನ ಬಾಯಿ ತೆರೆದಿರಲಿ ಎಂದು ಕೇಳಿಕೊಂಡು ಕೆಂಪು ಕಾಗದ ಎತ್ತಿದೆ.

"ಇದು ಟ್ಯೂಲಿಪ್ ಹೂವು ಮಕ್ಕಳೇ."

"ಎಲ್ಲಿ ಬುಡ್ತದೆ ಅದು?" ಲೋಹಿತ ಕೇಳಿದ.

"ಹಾಲೆಂಡಿನಲ್ಲಿ."

"ಅದೆಲ್ಲೈತೆ? ಪಿರಿಯಾಪಟ್ನದಿಂದ ಅತ್ತಗಾ?"

"ಇನ್ನೂ ಸ್ವಲ್ಪ ಅತ್ತಗೆ" ಎಂದೆ. ಇನ್ನೊಂದು ಹುಡುಗಿ ಆನೆ ಮಾಡಿ ಎಂದಳು. ಆನೆ ವಸಂತಕ್ಕೆ ಬರುವುದಲ್ಲ, ಹಲಸು ಹಣ್ಣಾದ ಮೇಲೆ ಬರುವುದು ಎಂದೆ. ಮಕ್ಕಳೆಲ್ಲ ಒಪ್ಪಿ ತಲೆಯಾಡಿಸಿದರು. ಕಾಡಿನ ಅಂಚಿನ ಊರಿನ ಮಕ್ಕಳಿಗೆ ಆನೆಯ ಲೆಕ್ಕಾಚಾರ ಹೇಳಿಕೊಡಬೇಕಾಗಿಲ್ಲ. ಈ ಮಾತಿನ ಗದ್ದಲದಲ್ಲಿ ನನ್ನ ಕಣ್ಣು ಮಕ್ಕಳ ಮುಖದ ಮೇಲಿತ್ತು. ಬಾಯಿ ಹೌದು ಹೌದು ಅನ್ನುತ್ತಿತ್ತು. ಉಳಿದದ್ದನ್ನು ನೀವೇ ಊಹಿಸಿಕೊಳ್ಳಬಲ್ಲಿರಿ.

ಕೈ ನೋಡಿಕೊಂಡಾಗ ಅಂಗೈಯಲ್ಲಿ ಒಂದು ಕೆಂಪು ಪೊಟ್ಟಣ ಕೂತಿತ್ತು. ಹೂವಿನ ಮಡಿಕೆಯ ಗುರುತೂ ಇರಲಿಲ್ಲ. ತಳ ತಿರುಚಿ, ಬಾಯಿ ಬಿಗಿದ, ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದಂಥ ಪೊಟ್ಟಣ.

"ಊವಲ್ಲ ಕಣ್ರಲಾ, ಪೊಟ್ಣ!" ಎಂದು ಲೋಹಿತ ಎದ್ದು ನಿಂತ. "ಕಳ್ಳೆಪುರಿ ಪೊಟ್ಣ!" ಚಾಪೆಯ ತುಂಬ ನಗು. ಪೊಟ್ಣ ಪೊಟ್ಣ ಎಂದು ಚಪ್ಪಾಳೆ ತಟ್ಟತೊಡಗಿದರು. ಟೀಚರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಾರ್ವಿ ಮಾತ್ರ ನಗಲಿಲ್ಲ. ಅವಳ ಗಲ್ಲ ಸಣ್ಣಗೆ ನಡುಗುವುದು ಕಂಡಿತು. ಅಂಗಡಿಯಲ್ಲಿ ಕೂತು ಎಂಥೆಂಥವರ ಬೈಗುಳ ತಿಂದ ನನಗೆ, ಆ ಪುಟ್ಟ ಗಲ್ಲ ನೋಡಿ ಅಳು ಬರುವಂತಾಯಿತು.

ಚಾರ್ವಿ ಎದ್ದು ಬಂದು ನನ್ನ ಅಂಗೈಯಿಂದ ಪೊಟ್ಟಣ ತೆಗೆದುಕೊಂಡಳು. ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ಲೋಹಿತನ ಕಡೆ ತಿರುಗಿ, ಅವನಿಗೆ ಏನೂ ಗೊತ್ತಿಲ್ಲವಲ್ಲ ಎಂದು ಮರುಕಪಡುವ ದನಿಯಲ್ಲಿ ಹೇಳಿದಳು: "ಇದು ಮೊಗ್ಗು ಕಣೋ. ಇನ್ನೂ ಅರಳಿಲ್ಲ."

ಚಪ್ಪಾಳೆ ನಿಂತಿತು. ಲೋಹಿತ ಹತ್ತಿರ ಬಂದು ಬಗ್ಗಿ ನೋಡಿದ. ಮೊಗ್ಗಿನ ಹಾಗೇ ಇತ್ತು. ಅವನು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಅಂಗಾದ್ರೆ ಯಾವಾಗ ಅರಳ್ತದೆ?"

"ನಾಳೆ. ಹಬ್ಬಕ್ಕೆ" ಎಂದವಳೇ ಚಾರ್ವಿ ನನ್ನ ಕಡೆ ನೋಡಿದಳು. "ಅಲ್ವಾ ತಾತ?"

ಹೌದು ಎಂದೆ. ಬೇರೆ ಏನು ಹೇಳಲಿ? ಒಂದು ಗಂಡಾಂತರ ದಾಟಿ ಇನ್ನೊಂದಕ್ಕೆ ಬಂದಿದ್ದೆ. ಈಗ ಕಾಗದದ ಮೊಗ್ಗು ನಾಳೆ ಅರಳಲೇಬೇಕು, ಇಲ್ಲದಿದ್ದರೆ ಮಗುವಿನ ಮಾತು ಎರಡನೇ ಸಲ ಸುಳ್ಳಾಗುತ್ತದೆ. ಕಿಟಕಿಯಾಚೆ ಬೇವಿನ ಹೂವು ಉದುರುತ್ತಲೇ ಇತ್ತು. ಚೀಲದಲ್ಲಿ ಬೆಲ್ಲವಿತ್ತು. ನನ್ನ ಅರ್ಧ ತಲೆಗೆ ಇಷ್ಟು ಸಾಕಾಯಿತು.

ಆಮೇಲೆ ನಡೆದ ಸಂಭ್ರಮವನ್ನು ಹೇಗೆ ಹೇಳಲಿ! ಮಕ್ಕಳು ಮರದ ಕೆಳಗೆ ಓಡಿ ಲಂಗದಲ್ಲಿ, ಟೋಪಿಯಲ್ಲಿ ಬೇವಿನ ಹೂವು ಬಳಿದು ತಂದರು. ಒಬ್ಬೊಬ್ಬರಿಗೂ ಒಂದು ಬಣ್ಣದ ಹಾಳೆ, ಅದರ ಮೇಲೆ ಚಿಟಿಕೆ ಹೂವು, ಒಂದು ಚೂರು ಬೆಲ್ಲ. ಚಾರ್ವಿ ಮಾತ್ರ ಆ ಕೆಂಪು ಮೊಗ್ಗಿನ ಬಾಯಿ ಸಡಿಲಿಸಿ ಅದರೊಳಕ್ಕೇ ತುಂಬಿಸಿಕೊಂಡಳು. ಸುತ್ತಿ, ತಳ ತಿರುಚಿ, ಬಾಯಿ ಮಡಿಸಿ ಒಳಗೆ ತುರುಕಿ. ಈ ಒಂದು ವಿದ್ಯೆಗೆ ನನಗೆ ಯಾವ ವೀಡಿಯೋವೂ ಬೇಕಾಗಿರಲಿಲ್ಲ. ನಾಲಿಗೆ ಹೊರಚಾಚಿಕೊಂಡು, ಮೂಗಿನ ತುದಿಗೆ ಕಾಗದ ತಾಗಿಸಿಕೊಂಡು ಅವರು ತಿರುಚಿದ್ದೇ ತಿರುಚಿದ್ದು. "ಬಾಯಿ ಗಟ್ಟಿ! ಬಾಯಿ ಗಟ್ಟಿ!" ಎಂದು ನಾನು ಅಪ್ಪನ ದನಿಯಲ್ಲೇ ಕೂಗುತ್ತಾ ಚಾಪೆಯ ಸುತ್ತ ಓಡಾಡಿದೆ. ನಾಳೆ ಎಣ್ಣೆ ನೀರು ಹಾಕಿಕೊಳ್ಳುವ ತನಕ ಯಾರೂ ಬಿಚ್ಚಬಾರದು ಎಂದು ಆಣೆ ಮಾಡಿಸಿದೆ. ಕಾಯುತ್ತಾ ಕೂರಬೇಕಲ್ಲ ಎಂದು ಹುರಿಗಡಲೆಯನ್ನು ಅಲ್ಲೇ ಹಂಚಿದೆ.

ಹಬ್ಬಕ್ಕೆ ನನ್ನ ಮನೆಗೆ ಹೋಗಬೇಕಿತ್ತು. ಚಾರ್ವಿ ಪಂಚೆಯ ಚುಂಗು ಹಿಡಿದು ಬಿಡಲಿಲ್ಲ. ಶಾರದೆಗೆ ಫೋನ್ ಮಾಡಿ, ಮೊಗ್ಗು ಅರಳುವುದನ್ನು ನೋಡಿಕೊಂಡು ಬರುತ್ತೇನೆ ಎಂದೆ. "ಹೂಂ, ನೋಡ್ಕೊಂಡೇ ಬನ್ನಿ. ಹೋಳಿಗೆ ನಾನೊಬ್ಬಳೇ ತಿಂತೀನಿ" ಎಂದಳು.

ಬೆಳಿಗ್ಗೆ ಬೀದಿಗೆ ಬಂದರೆ ಮಕ್ಕಳೆಲ್ಲ ಆಗಲೇ ನೆರೆದಿದ್ದರು. ಹೊಸ ಬಟ್ಟೆ, ತಲೆಯಿಂದ ಇಳಿಯುವ ಹರಳೆಣ್ಣೆ, ಕೈಯಲ್ಲಿ ಮೊಗ್ಗು. ಒಂದು ಮೊಗ್ಗಿಗೆ ಇರುವೆ ಹತ್ತಿತ್ತು. ಅದರ ಒಡತಿ ಅದಕ್ಕೆ ಹೆಮ್ಮೆಪಟ್ಟುಕೊಂಡು ತೋರಿಸುತ್ತಿದ್ದಳು, ನಿಜವಾದ ಹೂವಿಗೆ ತಾನೇ ಇರುವೆ ಬರುವುದು. ಅಂದು ಊರಿನಲ್ಲಿ ಹೊನ್ನಾರು, ಹೊಸ ವರ್ಷದ ಮೊದಲ ಉಳುಮೆ. ಹಿಂದೆ ಎತ್ತುಗಳಿಗೆ ಮಾಡುತ್ತಿದ್ದ ಪೂಜೆ ಈಗ ಅರ್ಧಕ್ಕರ್ಧ ಟ್ರ್ಯಾಕ್ಟರುಗಳಿಗೆ. ಲೋಹಿತನ ತಾತ ಟ್ರ್ಯಾಕ್ಟರಿಗೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ ನಿಲ್ಲಿಸಿದ್ದರು. ಸ್ಟೇರಿಂಗಿನ ಮಧ್ಯೆ ಒಂದು ಹಳದಿ ಪೊಟ್ಟಣ ಜೋತಾಡುತ್ತಿತ್ತು. "ಇವ್ನು ಅದು ಅರಳೋಗಂಟ ಗಾಡಿ ಎತ್ಬ್ಯಾಡ ಅಂತಾನೆ ಕಣ್ರೀ. ಅದೇನ್ ಮಾಡಿದ್ದೀರೋ ಬೇಗ ಅರಳಿಸಿ, ಬಿಸ್ಲು ಏರ್ತದೆ" ಎಂದು ಅವರು ನನಗೆ ಗದರಿದರು.

ಎಲ್ಲರೂ ಚಾರ್ವಿಯನ್ನು ನೋಡಿದರು. ಅವಳು ಕೆಂಪು ಮೊಗ್ಗನ್ನು, ನಿನ್ನೆ ನನ್ನ ಕೈಯಲ್ಲಿ ಸೋತ ಅದೇ ಟ್ಯೂಲಿಪ್ಪನ್ನು, ಅಂಗೈಯಲ್ಲಿ ಇಟ್ಟುಕೊಂಡು ಬಾಯಿಯ ಮಡಿಕೆ ಎಳೆದಳು. ತಿರುಚಿದ ತಳ ಬಿಟ್ಟಳು. ಕಾಗದ ತನ್ನಷ್ಟಕ್ಕೆ ತಾನೇ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ತಿರುಚಿದ ಮೂಲೆಯಿಂದ ಹೊರಟ ಮಡಿಕೆಯ ಗೆರೆಗಳು ಎಸಳುಗಳ ಹಾಗೆ ಹರಡಿದವು. ಅವುಗಳ ನಡುವೆ ಬೇವಿನ ಬಿಳಿ ಹೂವು, ಹೊನ್ನಿನ ಬಣ್ಣದ ಬೆಲ್ಲದ ಚೂರು.

"ಅರಳ್ತು ಕಣ್ಲಾ!" ಎಂದು ಮೊದಲು ಕೂಗಿದವನು ಲೋಹಿತ. ಆಮೇಲೆ ಬೀದಿಯ ತುಂಬ ಕೆಂಪು, ಹಳದಿ, ನೀಲಿ, ಹಸಿರು. ಒಂದೊಂದೂ ತನ್ನ ಮನಸ್ಸಿಗೆ ಬಂದ ಹಾಗೆ ಅರಳಿತು. ಬೇವು ಕಹಿ ಎಂದು ಮುಖ ಕಿವುಚಿದವರು, ಬೆಲ್ಲ ಮಾತ್ರ ಹೆಕ್ಕಿದವರು, ಕಾಗದವನ್ನೇ ನೆಕ್ಕಿದವರು. ಟ್ರ್ಯಾಕ್ಟರು ಗುಡುಗುಡು ಎಂದು ಹೊರಟಿತು. ಚಾರ್ವಿ ನನ್ನ ಕಡೆ ತಿರುಗಿ, "ನಾನು ಹೇಳಿರಲಿಲ್ವಾ" ಎಂದಳು. ನನಗೆ ಹೇಳಿದಳೋ ಲೋಹಿತನಿಗೆ ಹೇಳಿದಳೋ ತಿಳಿಯಲಿಲ್ಲ, ಇಬ್ಬರೂ ತಲೆಯಾಡಿಸಿದೆವು.

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಎಷ್ಟು ಪೊಟ್ಟಣ ಕಟ್ಟಿದ್ದೇನೋ ದೇವರಿಗೇ ಗೊತ್ತು. ಒಂದೇ ಒಂದು ಬಿಚ್ಚಿಕೊಳ್ಳುವುದನ್ನು ನಿಂತು ನೋಡಿರಲಿಲ್ಲ. ಅಂಗಡಿಯವನ ಪಾಲಿಗೆ ಬರುವುದು ಕಟ್ಟುವ ಕೆಲಸ. ಬಿಚ್ಚುವುದೆಲ್ಲ ನಡೆಯುವುದು ಬೇರೆಯವರ ಅಡುಗೆಮನೆಯಲ್ಲಿ, ಯಾರದೋ ಮಗು ಹಸಿದು ಕಾಯುತ್ತಿರುವಾಗ. ಸಕಲ ವಿಷಯವೂ ನನಗೆ ಅರ್ಧ ಗೊತ್ತು ಎಂದೆನಲ್ಲ, ಪೂರ್ತಿ ಗೊತ್ತು ಎಂದುಕೊಂಡಿದ್ದ ಪೊಟ್ಟಣವೂ ಅರ್ಧವೇ ಗೊತ್ತಿತ್ತು. ಉಳಿದರ್ಧ ಈ ವಯಸ್ಸಿನಲ್ಲಿ ಸಿಕ್ಕಿತಲ್ಲ ಎಂದು ಬಹಳ ಸಂತೋಷವಾಯಿತು.

ಮಧ್ಯಾಹ್ನ ಹುಣಸೂರಿನ ಬಸ್ಸು ಹತ್ತಿದೆ. ಮಡಿಲಲ್ಲಿ ರೇಖಾ ಕಟ್ಟಿಕೊಟ್ಟ ಹೋಳಿಗೆ, ಜೇಬಿನಲ್ಲಿ ಚಾರ್ವಿ ಕೊಟ್ಟ ಕೆಂಪು ಹಾಳೆ. ಹಬ್ಬದ ದಿನವೂ ಚೆಕಿಂಗ್‌ನವರು ಹತ್ತಿದರು. ನನ್ನ ಹೆಬ್ಬೆರಳು ಅಷ್ಟರಲ್ಲಿ ಟಿಕೆಟ್ಟಿನ ಮೇಲೆ ತನ್ನ ಕೆಲಸ ಮುಗಿಸಿತ್ತು. ಈ ಸಲ ನಾಚಿಕೆಪಡದೆ ಆ ಪುಟ್ಟ ಪೊಟ್ಟಣವನ್ನು ಆತನ ಅಂಗೈ ಮೇಲಿಟ್ಟೆ. ಆತ ನನ್ನ ಮುಖ ನೋಡಿ, ಅದನ್ನು ನೋಡಿ, ನಿಟ್ಟುಸಿರು ಬಿಟ್ಟು ಬಿಚ್ಚತೊಡಗಿದ. ನಾನು ಸೀಟಿನಿಂದ ಅರ್ಧ ಎದ್ದು, ಅರಳುವುದನ್ನು ನೋಡಲು ಕತ್ತು ಚಾಚಿದೆ.